ಪಿಟೀಲುವಾದನದಲ್ಲಿ ಸಂಕರವೂ ಸಂಸೃಷ್ಟಿಯೂ

೧

ಶಾಸ್ತ್ರಗಳಲ್ಲಿ ಒಂದೇ ಶಬ್ದವು ಒಂದೆಡೆ ನಿಂದೆಗೂ ಇನ್ನೊಂದೆಡೆ ಪ್ರಶಂಸೆಗೂ ವಿಷಯವಾಗುವುದುಂಟು. ‘ಸಂಕರ’ ಎಂಬುದು ಅಂತಹ ಶಬ್ದ. ಧರ್ಮಶಾಸ್ತ್ರಕಾರರು ಇದನ್ನು ದೋಷವಾಚಕವಾಗಿ ಬಳಸಿದರು. ಆಲಂಕಾರಿಕರು ಇದನ್ನೇ ಒಂದು ಅಲಂಕಾರಕ್ಕೆ ಹೆಸರಾಗಿಟ್ಟು ಕಾವ್ಯಶೋಭಾಕರವಾದ ಧರ್ಮಗಳಲ್ಲಿ ಎಣಿಸಿದರು. ಕರ್ಣಾಟಕ ಸಂಗೀತದಲ್ಲಿ ಗುರುಮುಖವಾಗಿ ಶಿಕ್ಷಣ ಪಡೆದ ಪಿಟೀಲುವಾದಕರು ಪಾಶ್ಚಾತ್ಯ ವಾದ್ಯವೃಂದವನ್ನೂ, ಅಮೆರಿಕದ ಕಪ್ಪುಜನರಲ್ಲಿ ಹುಟ್ಟಿದ ಜಾಝ್ ಪದ್ಧತಿಯನ್ನೂ, ಹಿಂದೂಸ್ತಾನಿ ತಾಳವಾದ್ಯಗಳನ್ನೂ ಕೂಡಿಸಿಕೊಂಡು ನುಡಿಸಿದ ಸಂಗೀತದ ವಿಷಯದಲ್ಲಿ ಅರ್ಧ ಶತಮಾನದಿಂದ ನಡೆದುಬಂದಿರುವ ವಾದವು ಈ ಶಬ್ದದ ಎರಡರ್ಥಗಳ ನಡುವೆ ಸಿಕ್ಕಿಕೊಂಡಿದೆ. ಒಪ್ಪದವರು ಅದನ್ನು ಕುಲಗೆಟ್ಟ ಬೆರಕೆ ಎನ್ನುತ್ತಾರೆ. ಒಪ್ಪುವವರು ‘ಫ್ಯೂಷನ್’ ಎಂಬ ಹೆಸರಿಟ್ಟು, ಹೆಸರಿಟ್ಟ ಮಾತ್ರಕ್ಕೆ ಗುಣ ಸಿದ್ಧಿಸಿತೆಂದು ತಿಳಿಯುತ್ತಾರೆ. ಬೆರೆತದ್ದು ಏನು ಎಂಬುದನ್ನು ಇಬ್ಬರೂ ನೋಡುತ್ತಾರೆ. ಹೇಗೆ ಬೆರೆತಿತು ಎಂಬುದನ್ನು ಇಬ್ಬರೂ ಕೇಳುವುದಿಲ್ಲ. ವಿಮರ್ಶೆಗೆ ವಿಷಯವಾಗತಕ್ಕದ್ದು ಈ ಎರಡನೆಯ ಪ್ರಶ್ನೆಯೇ.

ಇದಕ್ಕೆ ಬೇಕಾದ ಪರಿಭಾಷೆಯನ್ನು ಹೊಸದಾಗಿ ಕಲ್ಪಿಸಬೇಕಾಗಿಲ್ಲ. ಒಂದು ಪದ್ಯದಲ್ಲಿ ಎರಡು ಅಲಂಕಾರಗಳು ಸೇರಿದಾಗ ಆ ಸೇರುವೆಯು ಎರಡು ಬಗೆಯೆಂದು ರುಯ್ಯಕಾದಿಗಳು ವಿಭಾಗಿಸಿದ್ದಾರೆ. ಎಳ್ಳೂ ಅಕ್ಕಿಯೂ ಕಲೆತಂತೆ, ಕೂಡಿದ್ದರೂ ಬೇರೆಬೇರೆಯಾಗಿ ಕಾಣುವುದು ಸಂಸೃಷ್ಟಿ, ಇದು ತಿಲತಂಡುಲನ್ಯಾಯ. ಹಾಲೂ ನೀರೂ ಕೂಡಿದಂತೆ, ಬೇರ್ಪಡಿಸಲಾಗದಂತೆ ಬೆರೆಯುವುದು ಸಂಕರ, ಇದು ಕ್ಷೀರನೀರನ್ಯಾಯ. ಸಂಕರದಲ್ಲಿಯೂ ಮೂರು ಪ್ರಭೇದಗಳು: ಒಂದು ಪ್ರಧಾನವಾಗಿ ಇನ್ನೊಂದು ಅದಕ್ಕೆ ಉಪಕಾರಕವಾಗಿರುವ ಅಂಗಾಂಗಿಭಾವ, ಇದೋ ಅದೋ ಎಂದು ನಿರ್ಣಯಿಸಲಾಗದ ಸಂದೇಹ, ಒಂದೇ ಪದದಲ್ಲಿ ಎರಡೂ ಒಮ್ಮೆಗೇ ನೆಲಸುವ ಏಕವಾಚಕಾನುಪ್ರವೇಶ.

ಇವುಗಳೊಡನೆ ಕನ್ನಡದ ಮೂರನೆಯ ದೃಷ್ಟಾಂತವೊಂದನ್ನೂ ಸೇರಿಸಿಕೊಳ್ಳಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು, ಸಂಸ್ಕೃತ ಕನ್ನಡ ಶಬ್ದಗಳನ್ನು ಸಮಾಸದಲ್ಲಿ ಮರ್ಮವರಿಯದೆ ಬೆರಸಿದರೆ ಉಂಟಾಗುವ ವಿರಸವನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳು ಬಿದ್ದುದಕ್ಕೆ ಹೋಲಿಸಿದೆ. ಇಲ್ಲಿ ಎರಡು ದ್ರವ್ಯಗಳೂ ಒಳ್ಳೆಯವೇ. ಒಂದರಿಂದ ಇನ್ನೊಂದು ಹುಟ್ಟಿದ್ದು ಕೂಡ ಹೌದು. ಆದರೂ ಕೂಡಿದಾಗ ಎರಡೂ ಕೆಟ್ಟವು. ಹೀಗೆ ಮಿಶ್ರಣವನ್ನು ಅಳೆಯಲು ಎಳ್ಳಕ್ಕಿ, ಹಾಲುನೀರು, ಹಾಲುಮಜ್ಜಿಗೆ ಎಂಬ ಮೂರು ಮಾನಗಳು ದೊರೆಯುತ್ತವೆ. ಮೊದಲಿನ ಎರಡು ಗುಣ, ಕಡೆಯದು ದೋಷ.

೨

ಪ್ರಕೃತಕ್ಕೆ ಲಕ್ಷ್ಯವಾಗಿ ವಿದ್ವಾನ್ ಎಲ್. ಸುಬ್ರಹ್ಮಣ್ಯಂ ಅವರ ವಾದನವನ್ನು ತೆಗೆದುಕೊಳ್ಳಬಹುದು. ೧೯೪೭ರಲ್ಲಿ ಮದರಾಸಿನಲ್ಲಿ ಜನಿಸಿ, ಬಾಲ್ಯವನ್ನು ಸಿಂಹಳದ ಜಾಫ್ನಾದಲ್ಲಿ ಕಳೆದು, ೧೯೫೮ರ ಗಲಭೆಗಳ ಕಾಲದಲ್ಲಿ ಕುಟುಂಬದೊಡನೆ ಮದರಾಸಿಗೆ ಮರಳಿದ ಇವರಿಗೆ ತಂದೆ ವಿ. ಲಕ್ಷ್ಮೀನಾರಾಯಣ ಅವರೇ ಗುರುಗಳು. ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಓದಿ ಪದವಿ ಪಡೆದ ಮೇಲೆ ಕ್ಯಾಲಿಫೋರ್ನಿಯದಲ್ಲಿ ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಅಭ್ಯಸಿಸಿದರು. ಬೆಂಗಳೂರಿನಲ್ಲಿ ನೆಲಸಿದ ಇವರಿಗೆ ೨೦೨೫ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. ಇವರ ತಮ್ಮಂದಿರಾದ ಎಲ್. ಶಂಕರ್ ಅವರೂ ಇದೇ ಗುರುಕುಲದವರು. ಮಿಶ್ರಣದ ದಾರಿಯನ್ನು ಹಿಡಿದವರೇ ಆದರೂ ಇನ್ನೊಂದು ಬಗೆಯಿಂದ ಹಿಡಿದವರು. ಒಂದೇ ಮನೆಯ, ಒಂದೇ ಪಾಠದ ಇಬ್ಬರಲ್ಲಿ ಮಿಶ್ರಣವು ಎರಡು ರೂಪಗಳನ್ನು ತಾಳಿರುವುದರಿಂದ ತಾರತಮ್ಯವಿಚಾರಕ್ಕೆ ಇದು ಅನುಕೂಲವಾದ ಲಕ್ಷ್ಯ.

ಇವರ ವಾದ್ಯವೇ ಮೊದಲು ಬೆರಕೆಯಿಂದ ಬಂದುದೆಂಬುದನ್ನು ಮರೆಯಲಾಗದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (೧೭೮೬–೧೮೫೮) ಮದರಾಸಿನಲ್ಲಿ ಐರೋಪ್ಯ ವಾದಕನೊಬ್ಬನಿಂದ ಪಿಟೀಲನ್ನು ಕಲಿತು ಕರ್ಣಾಟಕ ಸಂಗೀತಕ್ಕೆ ಅದನ್ನು ಅಳವಡಿಸಿದರು. ಅಳವಡಿಸಿದ ಕ್ರಮವು ಗಮನಾರ್ಹವಾದುದು. ಪಾಶ್ಚಾತ್ಯರಲ್ಲಿ ನಾಲ್ಕು ತಂತಿಗಳೂ ಒಂದಕ್ಕೊಂದು ಪಂಚಮದ ಅಂತರದಲ್ಲಿ ಶ್ರುತಿಗೂಡಿರುತ್ತವೆ. ಇಲ್ಲಿ ಅವು ಷಡ್ಜ ಪಂಚಮ, ಷಡ್ಜ ಪಂಚಮ ಎಂದು ಎರಡು ಸ್ಥಾಯಿಗಳ ಆಧಾರಸ್ವರಗಳಾದುವು. ಅಲ್ಲಿ ವಾದಕನು ನಿಂತು ವಾದ್ಯವನ್ನು ಗಲ್ಲಕ್ಕೂ ಹೆಗಲಿಗೂ ನಡುವೆ ಹಿಡಿಯುತ್ತಾನೆ. ಇಲ್ಲಿ ಅದರ ತಲೆಯು ಕುಳಿತ ವಾದಕನ ಬಲಗಾಲ ಹರಡಿನ ಮೇಲೆ ಊರಿತು. ಎಡಗೈಗೆ ಹೊರುವ ಕೆಲಸ ತಪ್ಪಿ, ತಂತಿಯ ಮೇಲೆ ಜಾರುವ ಸ್ವಾತಂತ್ರ್ಯ ಬಂದಿತು. ಮೆಟ್ಟಿಲುಗಳಿಲ್ಲದ ವಾದ್ಯವಾದುದರಿಂದ ಕಂಠದ ಗಮಕಗಳೆಲ್ಲವೂ ಅದರಲ್ಲಿ ನುಡಿದುವು. ಅಂದರೆ ದೇಹವು ಪರದೇಶದ್ದಾಗಿದ್ದರೂ ಪ್ರಾಣವು ಇಲ್ಲಿಯದಾಯಿತು. ಇದು ಅಂಗಾಂಗಿಭಾವಕ್ಕೆ ಶುದ್ಧವಾದ ಉದಾಹರಣೆ: ರಾಗವು ಅಂಗಿ, ವಾದ್ಯವು ಅಂಗ.

ಅದೇ ಮನೆಯಲ್ಲಿ ಇದಕ್ಕೆ ವಿಪರ್ಯಯವಾದ ಉದಾಹರಣೆಯೂ ಉಂಟು. ಮುತ್ತುಸ್ವಾಮಿ ದೀಕ್ಷಿತರು ಐರೋಪ್ಯ ವಾದ್ಯಮೇಳದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ರಚಿಸಿದ ನೊಟ್ಟುಸ್ವರಗಳಲ್ಲಿ ಒಂದು, ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟಿನಲ್ಲಿಯೇ ಇದೆ. ಇವುಗಳ ಸ್ವರಗಳು ಶಂಕರಾಭರಣದವು. ಆದರೆ ಗಮಕವಿಲ್ಲದ್ದರಿಂದ ಇವುಗಳಲ್ಲಿ ಶಂಕರಾಭರಣ ರಾಗವಿದೆಯೆಂದು ಯಾವ ಗಾಯಕನೂ ಹೇಳುವುದಿಲ್ಲ. ಇಲ್ಲಿ ಮಟ್ಟು ಅಂಗಿ, ದೇವತಾಸ್ತುತಿಯ ಸಾಹಿತ್ಯವು ಅಂಗ. ದೀಕ್ಷಿತರು ಇವನ್ನು ತಮ್ಮ ಕೃತಿಗಳೊಡನೆ ಸೇರಿಸಿ ಗೊಂದಲಗೊಳಿಸದೆ ಬೇರೆಯ ಜಾತಿಯಾಗಿಯೇ ಉಳಿಸಿದರು. ಮಹಾಕೃತಿಗಳನ್ನು ರಚಿಸಿದವರೇ ಇವನ್ನೂ ರಚಿಸಿದರೆಂಬುದರಿಂದ, ಬೆರಸುವುದು ಪಾಪವಲ್ಲ, ಬೆರಸಿದುದನ್ನು ಬೆರಸದುದೆಂದು ತೋರಿಸುವುದೇ ದೋಷ ಎಂಬ ಅರ್ಥವನ್ನು ಊಹಿಸಬಹುದು.

ವಾದ್ಯದ ಪರಿಷ್ಕಾರವನ್ನೂ ಪದ್ಧತಿಗಳ ಮಿಶ್ರಣವನ್ನೂ ಒಂದೆಂದು ಭಾವಿಸಲಾಗದು. ಮೈಸೂರಿನ ತಿರುಮಕೂಡಲು ಚೌಡಯ್ಯನವರು (೧೮೯೫–೧೯೬೭) ಪಿಟೀಲಿಗೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಗಳ ವಾದ್ಯವನ್ನು ಬಳಕೆಗೆ ತಂದರು; ಅದರ ಪ್ರಯೋಜನ ನಾದದ ಪುಷ್ಟಿಯೇ ಹೊರತು ರಾಗದ ಮಾರ್ಪಾಡಲ್ಲ. ಎಲ್. ಶಂಕರ್ ಅವರು ಹತ್ತು ತಂತಿಗಳ ಜೋಡಿ ಪಿಟೀಲನ್ನು ಮಾಡಿಸಿಕೊಂಡು, ೧೯೮೧ರಲ್ಲಿ ಹೊರಬಂದ ‘ಹೂಸ್ ಟು ನೋ’ ಎಂಬ ಮುದ್ರಿಕೆಯಲ್ಲಿ ಉಮಯಾಳ್‌ಪುರಂ ಶಿವರಾಮನ್ ಅವರ ಮೃದಂಗ, ಜಾಕಿರ್ ಹುಸೇನ್ ಅವರ ತಬಲಗಳೊಡನೆ ರಾಗ ತಾನ ಪಲ್ಲವಿಯನ್ನು ನುಡಿಸಿದರು. ವಾದ್ಯ ಹೊಸದು; ಜೊತೆಯ ತಬಲ ಉತ್ತರದೇಶದ್ದು; ಕ್ರಮವು ಮಾತ್ರ ಪುರಾತನವೇ. ಕಣ್ಣಿಗೆ ಕಾಣುವ ಬೆರಕೆಯು ಕಿವಿಗೆ ಕೇಳುವ ಬೆರಕೆಯಲ್ಲವೆಂಬುದಕ್ಕೆ ಇದು ನಿದರ್ಶನ.

೩

ಎರಡು ಪದ್ಧತಿಗಳು ಕೂಡುವಾಗ ತೊಡಕು ಬರುವ ಸ್ಥಾನ ಯಾವುದು? ಗಮಕವೇ ಆ ಸ್ಥಾನ. ಪಾಶ್ಚಾತ್ಯ ವಾದ್ಯವೃಂದದ ಸೌಂದರ್ಯವು ಹಲವು ಸ್ವರಗಳು ಒಮ್ಮೆಗೇ ನುಡಿದಾಗ ಅವುಗಳ ನಡುವೆ ಏರ್ಪಡುವ ಸಂವಾದದಲ್ಲಿದೆ. ಈ ಸಂವಾದಕ್ಕೆ ಪ್ರತಿಯೊಂದು ಸ್ವರವೂ ತನ್ನ ಸ್ಥಾನದಲ್ಲಿ ನಿಶ್ಚಲವಾಗಿರಬೇಕು. ರಾಗದ ಸೌಂದರ್ಯವಾದರೋ ಸ್ವರವು ತನ್ನ ಸ್ಥಾನದಿಂದ ಚಲಿಸಿ ನೆರೆಯ ಸ್ವರದ ಛಾಯೆಯನ್ನು ಮುಟ್ಟಿ ಮರಳುವುದರಲ್ಲಿದೆ. ತೋಡಿಯ ಗಾಂಧಾರವನ್ನು ಕಂಪಿಸದೆ ನಿಲ್ಲಿಸಿದರೆ ಸ್ವರ ಉಳಿಯುತ್ತದೆ, ತೋಡಿ ಉಳಿಯುವುದಿಲ್ಲ. ಅದನ್ನು ಕಂಪಿಸಿದರೆ ತೋಡಿ ಉಳಿಯುತ್ತದೆ, ಅದರೊಡನೆ ನುಡಿಯುತ್ತಿರುವ ಇತರ ಸ್ವರಗಳೊಡನೆ ಅದರ ಸಂವಾದ ಉಳಿಯುವುದಿಲ್ಲ. ಇಲ್ಲಿ ಒಬ್ಬರು ನಿಲ್ಲಬೇಕು, ಇನ್ನೊಬ್ಬರು ನಡೆಯಬೇಕು. ಇಬ್ಬರೂ ನಡೆದರೆ ಅಥವಾ ಇಬ್ಬರೂ ನಿಂತರೆ ಒಂದು ಪದ್ಧತಿಯ ಜೀವ ಹೋಗುತ್ತದೆ. ಮಿಶ್ರಣಕಾರರು ಹಂಸಧ್ವನಿ ಮೋಹನಗಳಂತಹ, ಸ್ವರಗಳು ನಿಶ್ಚಲವಾಗಿ ನಿಂತರೂ ರೂಪವು ಬಹಳ ಕೆಡದ ರಾಗಗಳನ್ನು ಆರಿಸಿಕೊಂಡರೆ ಕೆಲಸ ಸುಲಭವಾಗುವುದು ಈ ಕಾರಣದಿಂದಲೇ.

ಪಾಶ್ಚಾತ್ಯ ಪಿಟೀಲಿನಲ್ಲಿಯೂ ಬೆರಳನ್ನು ಅಲುಗಿಸುವ ಕ್ರಮ ಉಂಟಲ್ಲವೆ ಎಂದು ಕೇಳಬಹುದು. ಉಂಟು, ಆದರೆ ಅದು ಸ್ವರದ ಸುತ್ತ ನಡೆಯುವ ಸೂಕ್ಷ್ಮವಾದ ಅಲುಗಾಟ, ನಾದಕ್ಕೆ ಕಾಂತಿಯನ್ನು ಕೊಡತಕ್ಕದ್ದು. ಕಂಪಿತ ಗಮಕವು ಸ್ವರದಿಂದ ಸ್ವರಕ್ಕೆ ಹಾಯುವ ಚಲನೆ, ರಾಗಕ್ಕೆ ರೂಪವನ್ನು ಕೊಡತಕ್ಕದ್ದು. ಒಂದು ಆಭರಣ, ಇನ್ನೊಂದು ಅವಯವ. ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಹದಿನೈದು ಗಮಕಗಳನ್ನು ಎಣಿಸಿ, ಗಮಕಗಳು ಪರಸ್ಪರ ಬೆರೆಯುವುದನ್ನೇ ‘ಮಿಶ್ರಿತ’ವೆಂಬ ಒಂದು ಗಮಕವಾಗಿ ಒಪ್ಪಿರುವನು. ಮಿಶ್ರಣವು ಲಕ್ಷಣಕಾರರಿಗೆ ಅಪರಿಚಿತವೂ ಅಲ್ಲ, ಅಪ್ರಿಯವೂ ಅಲ್ಲ. ಅದು ಗಮಕದ ಒಳಗೆ ನಡೆಯಬೇಕು, ಗಮಕವನ್ನು ಕಳೆದುಕೊಂಡು ನಡೆಯಬಾರದು ಎಂಬುದೇ ತಾತ್ಪರ್ಯ.

೪

ಈ ಮಾನಗಳಿಂದ ಸುಬ್ರಹ್ಮಣ್ಯಂ ಅವರ ವಾದನವನ್ನು ಸ್ಥಾಲೀಪುಲಾಕನ್ಯಾಯದಿಂದ ಪರಿಶೀಲಿಸಬಹುದು. ೧೯೮೪ರ ‘ಕಾನ್ವರ್ಸೇಷನ್ಸ್’ ಎಂಬ ಮುದ್ರಿಕೆಯಲ್ಲಿ ಅವರು ಫ್ರಾನ್ಸ್ ದೇಶದ ಜಾಝ್ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲ್ಲಿ (೧೯೦೮–೧೯೯೭) ಅವರೊಡನೆ ನುಡಿಸಿದ್ದಾರೆ. ಹೆಸರು ‘ಸಂಭಾಷಣೆ’ಯೆಂದೇ ಇದೆ. ಜಾಝ್‌ನಲ್ಲಿಯೂ ಮನೋಧರ್ಮಕ್ಕೆ ಪ್ರಾಧಾನ್ಯವುಂಟು. ಆದರೆ ಅಲ್ಲಿಯ ಮನೋಧರ್ಮವು ಬದಲಾಗುತ್ತ ಸಾಗುವ ಸ್ವರಸಮೂಹಗಳ ಸರಣಿಯನ್ನು ಅನುಸರಿಸಿ ನಡೆಯುತ್ತದೆ, ಇಲ್ಲಿಯದು ಕದಲದ ಷಡ್ಜದ ಮೇಲೆ ನಿಂತು ಬೆಳೆಯುತ್ತದೆ. ಎರಡೂ ಪಿಟೀಲುಗಳೇ ಆದರೂ, ಯಾವ ಬಿಲ್ಲು ಯಾರದೆಂಬುದನ್ನು ಸಹೃದಯನಾದ ಶ್ರೋತೃವು ಗಮಕದಿಂದಲೇ ಗುರುತಿಸಬಲ್ಲನು. ಎಳ್ಳು ಎಳ್ಳಾಗಿ, ಅಕ್ಕಿ ಅಕ್ಕಿಯಾಗಿ ಉಳಿದಿವೆ. ಇದು ಸಂಸೃಷ್ಟಿ. ಇದನ್ನು ಕೇಳಿ ‘ಪೂರ್ಣವಾಗಿ ಬೆರೆಯಲಿಲ್ಲ’ ಎಂದು ಆಕ್ಷೇಪಿಸುವವರು, ಸಂಸೃಷ್ಟಿಯಲ್ಲಿ ಸಂಕರವನ್ನು ಹುಡುಕುವ ತಪ್ಪನ್ನು ಮಾಡುತ್ತಾರೆ. ಸಂಭಾಷಣೆಯಲ್ಲಿ ಇಬ್ಬರ ದನಿಯೂ ಒಂದೇ ಆದರೆ ಅದು ಸಂಭಾಷಣೆಯೇ ಅಲ್ಲವಷ್ಟೆ.

ವಾದ್ಯವೃಂದಕ್ಕಾಗಿ ಅವರು ರಚಿಸಿದ ಕೃತಿಗಳ ಸ್ಥಿತಿ ಬೇರೆ. ‘ಫ್ಯಾಂಟಸಿ ಆನ್ ವೇದಿಕ್ ಚಾಂಟ್ಸ್’ ಎಂಬುದನ್ನು ೧೯೮೫ರಲ್ಲಿ ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ ನ್ಯೂಯಾರ್ಕಿನ ಫಿಲ್‌ಹಾರ್ಮಾನಿಕ್ ವಾದ್ಯವೃಂದದೊಡನೆ ನುಡಿಸಿದರು. ಅನೇಕ ವಾದಕರು ಬರೆದ ಸ್ವರಲಿಪಿಯನ್ನು ನೋಡಿ ಒಮ್ಮೆಗೇ ನುಡಿಸಬೇಕಾದಲ್ಲಿ, ಆ ಕ್ಷಣದಲ್ಲಿ ಹುಟ್ಟುವ ಮನೋಧರ್ಮಕ್ಕೆ ಎಡೆ ಎಷ್ಟು? ಪಿಟೀಲು ಏಕಾಕಿಯಾಗಿ ಸಂಚರಿಸುವಾಗ ವೃಂದವು ಆಧಾರಸ್ವರವನ್ನು ಹಿಡಿದು ನಿಂತರೆ ಅದು ತಂಬೂರಿಯ ಕೆಲಸವನ್ನೇ ಮಹತ್ತಾದ ಪ್ರಮಾಣದಲ್ಲಿ ಮಾಡಿದಂತಾಗುತ್ತದೆ, ಗಮಕಕ್ಕೆ ಹಾನಿಯಿಲ್ಲ. ಅಂಗಾಂಗಿಭಾವವು ಇಲ್ಲಿ ನೆಮ್ಮದಿಯಾಗಿದೆ. ಪಿಟೀಲೂ ವೃಂದವೂ ಒಂದೇ ಲಿಖಿತಪಂಕ್ತಿಯಲ್ಲಿ ಒಟ್ಟಿಗೆ ಓಡುವಲ್ಲಿಯಾದರೋ ರಾಗವು ಸ್ವರಾವಳಿಯಾಗಿ ಇಳಿಯುತ್ತದೆ. ವೇಗವು ರೋಮಾಂಚವನ್ನು ಕೊಟ್ಟರೂ ರಾಗವನ್ನು ಕೊಡದು. ಇಂತಹ ಕೃತಿಗಳಲ್ಲಿ ಉಳಿಯತಕ್ಕ ಭಾಗ ಯಾವುದೆಂಬುದನ್ನು ಈ ಭೇದದಿಂದಲೇ ಕಂಡುಕೊಳ್ಳಬೇಕು.

ಇದರ ಹೆಸರಿನ ವಿಷಯದಲ್ಲಿಯೂ ವಿಚಾರಕ್ಕೆ ಅವಕಾಶವಿದೆ. ವೇದದ ಉದಾತ್ತ ಅನುದಾತ್ತ ಸ್ವರಿತಗಳು ಗಾನದ ಸ್ವರಗಳಂತೆ ರಂಜನೆಗಾಗಿ ಬಂದವಲ್ಲ. ಅವು ಪದಕ್ಕೂ ಅರ್ಥಕ್ಕೂ ಕಟ್ಟುಬಿದ್ದವು. ತ್ವಷ್ಟೃವು ಇಂದ್ರನನ್ನು ಕೊಲ್ಲುವವನನ್ನು ಬಯಸಿ ಹೋಮಮಾಡುತ್ತ ‘ಇಂದ್ರಶತ್ರು’ ಎಂಬ ಒಂದು ಪದದ ಸ್ವರವನ್ನು ತಪ್ಪಿದ್ದರಿಂದ, ತತ್ಪುರುಷವಾಗಬೇಕಾದ ಸಮಾಸ ಬಹುವ್ರೀಹಿಯಾಗಿ, ಕೊಲ್ಲಬೇಕಾದವನೇ ಕೊಲೆಯಾದ ಕಥೆಯನ್ನು ಶಿಕ್ಷಾಗ್ರಂಥವೂ ಮಹಾಭಾಷ್ಯವೂ ಉದಾಹರಿಸುತ್ತವೆ. ಪದವಿಲ್ಲದ ವಾದ್ಯಕ್ಕೆ ಆ ಸ್ವರಗಳನ್ನು ಕೊಟ್ಟಾಗ ಉಳಿಯುವುದು ಅವುಗಳ ಏರಿಳಿತದ ಆಕಾರ ಮಾತ್ರ. ಇದನ್ನು ವೇದಕ್ಕೆ ಅಪಚಾರವೆನ್ನುವುದು ಸಲ್ಲದು. ‘ಫ್ಯಾಂಟಸಿ’ ಎಂಬ ಶಬ್ದವು ಕಲ್ಪನೆಯೆಂದು ಮೊದಲೇ ಒಪ್ಪಿಕೊಂಡಿದೆ. ಆದರೆ ವೇದದ ಹೆಸರಿನಿಂದ ಬರುವ ಗೌರವವನ್ನು ಕೃತಿಯ ಲೆಕ್ಕಕ್ಕೆ ಜಮೆ ಹಿಡಿಯಬಾರದು. ಕೃತಿಯು ಸಂಗೀತವಾಗಿಯೇ ತನ್ನ ಬೆಲೆಯನ್ನು ಪಡೆಯಬೇಕು.

೧೯೯೯ರ ‘ಗ್ಲೋಬಲ್ ಫ್ಯೂಷನ್’ ಮೊದಲಾದವುಗಳಲ್ಲಿ ಹಲವು ಖಂಡಗಳ ವಾದಕರು ಒಟ್ಟುಗೂಡಿದ್ದಾರೆ. ಇಲ್ಲಿ ಕವಿರಾಜಮಾರ್ಗದ ಎಚ್ಚರಿಕೆ ನೆನಪಾಗುತ್ತದೆ. ಎರಡು ಪದ್ಧತಿಗಳ ನಡುವೆ ಅಂಗಾಂಗಿಭಾವವನ್ನು ನಿರ್ಣಯಿಸುವುದೇ ಕಷ್ಟವಾಗಿರಲು, ಐದಾರು ಪದ್ಧತಿಗಳಿಗೆ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದರೆ ಯಾರಿಗೆ ಏನನ್ನು ಬಡಿಸಬೇಕೆಂಬುದು ತಿಳಿಯದೆ ಹೋಗುವ ಭಯವುಂಟು. ಕ್ಷೇಮೇಂದ್ರನು ಹೇಳಿದ ಔಚಿತ್ಯವು ಸಂಖ್ಯೆಯನ್ನು ನೋಡುವುದಿಲ್ಲ, ಸ್ಥಾನವನ್ನು ನೋಡುತ್ತದೆ.

೫

ಶಂಕರ್ ಅವರ ದಾರಿಯನ್ನು ಇದರೊಡನೆ ಹೋಲಿಸಿದರೆ ಭೇದ ಸ್ಪಷ್ಟವಾಗುತ್ತದೆ. ಆಂಗ್ಲ ಗಿಟಾರುವಾದಕ ಜಾನ್ ಮೆಕ್‌ಲಾಘ್ಲಿನ್, ತಬಲದ ಜಾಕಿರ್ ಹುಸೇನ್, ಘಟದ ಟಿ. ಎಚ್. ವಿನಾಯಕರಾಂ ಇವರೊಡನೆ ಅವರು ೧೯೭೫ರಿಂದ ೧೯೭೮ರವರೆಗೆ ನಡೆಸಿದ ‘ಶಕ್ತಿ’ ಮೇಳದಲ್ಲಿ ವೃಂದವಿಲ್ಲ, ಲಿಖಿತಸ್ವರದ ಬಂಧನವಿಲ್ಲ, ಇರುವವರು ಬೆರಳೆಣಿಕೆಯವರು. ಇಲ್ಲಿ ಗಮಕದ ತೊಡಕನ್ನು ಪರಿಹರಿಸಲು ಬಾಗಿದ್ದು ಗಿಟಾರು. ಅದರ ಮೆಟ್ಟಿಲುಗಳ ನಡುವಣ ಮರವನ್ನು ತೋಡಿ, ತಂತಿಯನ್ನು ಎಳೆದು ಗಮಕವನ್ನು ನುಡಿಸಲು ಬರುವಂತೆ ಮಾಡಿದರು. ಅನುರಣನಕ್ಕೆ ಏಳು ತಂತಿಗಳನ್ನು ಅಡ್ಡಲಾಗಿ ಕಟ್ಟಿದರು. ಹಿಂದೆ ಐರೋಪ್ಯ ಪಿಟೀಲು ಕಾಲಿನ ಮೇಲೆ ಕುಳಿತಂತೆ ಇಲ್ಲಿ ಗಿಟಾರು ರಾಗಕ್ಕೆ ತಲೆಬಾಗಿತು.

ಇದಕ್ಕಿಂತಲೂ ಮುಖ್ಯವಾದುದು ಲಯದ ಬಲ. ಸ್ವರದ ಸ್ಥಾನವು ದೇಶದಿಂದ ದೇಶಕ್ಕೆ ಭೇದಿಸುತ್ತದೆ, ಸಂಖ್ಯೆಯು ಭೇದಿಸುವುದಿಲ್ಲ. ಏಳಕ್ಷರದ ಮಿಶ್ರಗತಿ ಯಾರಿಗಾದರೂ ಏಳೇ. ೧೯೭೬ರ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ ಎಂಬ ಮುದ್ರಿಕೆಯು ಕೊನ್ನಕೋಲಿನಿಂದಲೇ ಆರಂಭವಾಗುತ್ತದೆ. ತೀರ್ಮಾನಕ್ಕೆ ಬರುವ ಮುಕ್ತಾಯವನ್ನು ಪಿಟೀಲೂ ಗಿಟಾರೂ ಒಟ್ಟಿಗೆ ನುಡಿಸಿದಾಗ ಅದು ಒಮ್ಮೆಗೇ ಜಾಝ್ ವಾದಕನ ಪಂಕ್ತಿಯೂ ಹೌದು, ಕಲ್ಪನಾಸ್ವರದ ಕೋರ್ವೆಯೂ ಹೌದು. ಒಂದೇ ವಾಚಕದಲ್ಲಿ ಎರಡು ಅಲಂಕಾರಗಳು ನೆಲಸಿದಂತೆ, ಒಂದೇ ಸ್ವರಪುಂಜದಲ್ಲಿ ಎರಡು ಪದ್ಧತಿಗಳು ನೆಲಸಿವೆ. ಏಕವಾಚಕಾನುಪ್ರವೇಶಕ್ಕೆ ಇದಕ್ಕಿಂತ ಹತ್ತಿರವಾದ ಲಕ್ಷ್ಯವನ್ನು ಈ ಬಗೆಯ ಸಂಗೀತದಲ್ಲಿ ಕಾಣುವುದು ಕಷ್ಟ.

ಉಳಿದ ಸಂದೇಹಸಂಕರವು ಇಬ್ಬರಲ್ಲಿಯೂ ಕಂಡುಬರುವುದು. ನಟಭೈರವಿಯ ಸ್ವರಗಳೂ ಪಾಶ್ಚಾತ್ಯರ ಒಂದು ಗ್ರಾಮದ ಸ್ವರಗಳೂ ಸಮಾನವಾದುದರಿಂದ, ಗಮಕವನ್ನು ಮಿತಗೊಳಿಸಿ ನುಡಿಸಿದಾಗ ಶ್ರೋತೃವು ಯಾವುದನ್ನು ಕೇಳುತ್ತಿರುವೆನೆಂದು ತೂಗಾಡುತ್ತಾನೆ. ವಾದಕನು ಬೇಕೆಂದೇ ಆ ತೂಗಾಟವನ್ನುಂಟುಮಾಡಿ, ಅನಂತರ ಒಂದು ಗಮಕದಿಂದ ರಾಗದ ಮುಖವನ್ನು ತೋರಿದರೆ ಅದು ಚಮತ್ಕಾರ. ವಾದಕನಿಗೇ ಯಾವುದೆಂದು ತಿಳಿಯದಿದ್ದರೆ ಅದು ಸಂದೇಹಾಲಂಕಾರವಲ್ಲ, ಬರಿಯ ಸಂದೇಹ.

೬

ಇಲ್ಲಿ ಪೂರ್ವಪಕ್ಷವೊಂದು ಬರುತ್ತದೆ. ರಾಗವು ಗುರುಪರಂಪರೆಯಿಂದ ಬಂದ ಸಂಪತ್ತು; ಅದನ್ನು ಅರಿಯದ ಸಭೆಯ ಮುಂದೆ ಅರ್ಧಾಂಶದಲ್ಲಿ ಒಡ್ಡಿದರೆ ಆ ಸಭೆಯು ಅರ್ಧವನ್ನೇ ಪೂರ್ಣವೆಂದು ತಿಳಿಯುವುದು; ಮುಂದಿನ ಶಿಷ್ಯನೂ ಆ ಸಭೆಯ ಕರತಾಡನವನ್ನೇ ಪ್ರಮಾಣವಾಗಿ ಹಿಡಿಯುವನು; ಹೀಗೆ ಒಂದೆರಡು ತಲೆಮಾರುಗಳಲ್ಲಿ ಗಮಕವು ಕೈಬಿಟ್ಟುಹೋಗುವುದು ಎಂದು. ಈ ಭಯವು ನಿರಾಧಾರವಾದುದಲ್ಲ. ಸುಬ್ರಹ್ಮಣ್ಯಂ ಶಂಕರರು ಬೆರಸುವುದಕ್ಕೆ ಮೊದಲು ತಂದೆಯ ಬಳಿ ಕುಳಿತು ಕಲಿತವರು. ಬೆರಕೆಯನ್ನೇ ಮೊದಲ ಪಾಠವಾಗಿ ಕಲಿಯುವವನಿಗೆ ಬೆರಸಲು ಕೈಯಲ್ಲಿ ಏನಿದ್ದೀತು? ಎರಡು ಭಾಷೆಗಳ ಮರ್ಮವನ್ನೂ ಅರಿಯದವನೇ ಹಾಲಿಗೆ ಮಜ್ಜಿಗೆಯನ್ನು ಹನಿಸುವನೆಂದು ಮಾರ್ಗಕಾರನ ಅಭಿಪ್ರಾಯ.

ಆದರೆ ಇದರಿಂದ ಮಿಶ್ರಣವೇ ನಿಷಿದ್ಧವೆಂದು ಸಿದ್ಧವಾಗುವುದಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅರಿಸಮಾಸವನ್ನು ದೋಷವೆಂದು ಹೇಳಿದ ಮೇಲೆ, ಬಿರುದುಗಳಲ್ಲಿ ಬರುವವನ್ನೂ ಹಿಂದಿನ ಕವಿಗಳ ಪ್ರಯೋಗದಲ್ಲಿ ನಿಂತವನ್ನೂ ಒಪ್ಪಿಕೊಂಡಿರುವನು. ಬಳಕೆಯಲ್ಲಿ ನಿಂತುದನ್ನು ವ್ಯಾಕರಣವು ಹೊರದೂಡಲಾರದೆಂದು ಅರ್ಥ. ವಿಜಯನಗರದಲ್ಲಿದ್ದುಕೊಂಡು ಸಂಗೀತರತ್ನಾಕರಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನೂ ಲಕ್ಷ್ಯಲಕ್ಷಣಗಳ ವಿರೋಧವನ್ನು ಕಂಡು ಲಕ್ಷ್ಯವನ್ನು ತಳ್ಳಿಹಾಕಲಿಲ್ಲ, ಸಮಾಧಾನವನ್ನು ಹುಡುಕಿದನು. ಪಿಟೀಲು ಬಂದಾಗಲೂ ಅದು ಅರಿಸಮಾಸವೇ ಆಗಿದ್ದಿರಬೇಕು. ಇಂದು ಅದಿಲ್ಲದ ಗಾಯನಕಚೇರಿಯನ್ನು ಊಹಿಸುವುದೇ ಕಷ್ಟ. ಪ್ರಯೋಗವು ನಿಂತಿತು, ದೋಷವು ಹೋಯಿತು. ಅದು ನಿಂತದ್ದಾದರೂ ರಾಗವು ಅದಕ್ಕೆ ಬಾಗಿದ್ದರಿಂದಲ್ಲ, ಅದು ರಾಗಕ್ಕೆ ಬಾಗಿದ್ದರಿಂದ.

ಆದುದರಿಂದ ಸಿದ್ಧಾಂತವು ಹೀಗೆ: ಪಿಟೀಲುವಾದಕನ ಮಿಶ್ರಣದಲ್ಲಿ ಮೊದಲು ಅಂಗಿ ಯಾವುದೆಂದು ಕೇಳಬೇಕು. ಎರಡೂ ಬೇರೆಬೇರೆಯಾಗಿ ನಿಂತು ಒಂದನ್ನೊಂದು ಬೆಳಗಿದರೆ ಸಂಸೃಷ್ಟಿಯೆಂದು ಒಪ್ಪಬೇಕು. ಒಂದು ಇನ್ನೊಂದಕ್ಕೆ ಉಪಕರಿಸಿದರೆ ಅಥವಾ ಎರಡೂ ಒಂದೇ ಪದದಲ್ಲಿ ನೆಲಸಿದರೆ ಸಂಕರವೆಂದು ಮೆಚ್ಚಬೇಕು. ಒಂದರ ಜೀವಸ್ವರವನ್ನು ಇನ್ನೊಂದು ನಿಲ್ಲಿಸಿ, ಬದಲಿಗೆ ತನ್ನ ಸಂವಾದವನ್ನೂ ಕೊಡದೆ ಹೋದರೆ, ಅದಕ್ಕೆ ಸಂಕರವೆಂಬ ನಿಂದೆಯೂ ಫ್ಯೂಷನ್ ಎಂಬ ಹೊಗಳಿಕೆಯೂ ಬೇಡ. ಒಡೆದ ಹಾಲೆಂದರೆ ಸಾಕು. ‘ಕಾನ್ವರ್ಸೇಷನ್ಸ್’ ಮೊದಲನೆಯ ಮಾನಕ್ಕೂ, ‘ಶಕ್ತಿ’ಯ ಉತ್ತಮಭಾಗಗಳು ಎರಡನೆಯದಕ್ಕೂ ನಿಲ್ಲುತ್ತವೆ, ವಾದ್ಯವೃಂದದ ಕೃತಿಗಳಲ್ಲಿ ಪಿಟೀಲು ಏಕಾಕಿಯಾದಾಗ ನಿಲ್ಲುವುದು, ಗುಂಪಿನಲ್ಲಿ ಓಡುವಾಗ ಎಡವುವುದು. ಅಣ್ಣತಮ್ಮಂದಿರ ಈ ವಾದನವನ್ನು ಕೇಳಿ ಅನುಸರಿಸಬಯಸುವ ಎಳೆಯ ಪಿಟೀಲುವಾದಕನಿಗೆ ಹೇಳಬಹುದಾದ ಬುದ್ಧಿಮಾತು ಒಂದೇ: ಯಾರೊಡನೆ ಬೇಕಾದರೂ ಕೂಡಿ ನುಡಿಸಲಿ, ತೋಡಿಯ ಗಾಂಧಾರವನ್ನು ಮಾತ್ರ ಮೊದಲು ಚೆನ್ನಾಗಿ ಕಲಿತಿರಲಿ.